ಫರ್ಮೆಂಟರಿನ ಗ್ಲಿಸರಾಲ್ ಅಳೆಯುವುದು ಹೇಗೆ: ಸ್ಯಾಂಪಲ್ ತೆಗೆಯುವಲ್ಲಿಂದ ಲೆಕ್ಕ ಮುಗಿಯುವವರೆಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಎಂಎಸ್ಸಿ ಪ್ರಾಜೆಕ್ಟುಗಳ ಗ್ರಾಫ್ ನೋಡುವಾಗ ಮತ್ತೆ ಮತ್ತೆ ಕಾಣುವ ರೋಗ ಒಂದೇ. ಯೀಸ್ಟ್ ಬೆಳೆಸುವ ಪಾತ್ರೆಗೆ, ಅಂದರೆ ಫರ್ಮೆಂಟರಿಗೆ, ಅದರ ಆಹಾರವಾಗಿ ಲೀಟರಿಗೆ 40 ಗ್ರಾಂ ಗ್ಲಿಸರಾಲ್ ಹಾಕಿದ್ದೇವೆ ಎನ್ನುತ್ತಾರೆ. ಮೊದಲ ಸ್ಯಾಂಪಲ್ 31 ತೋರಿಸುತ್ತದೆ, ನಾಲ್ಕು ಗಂಟೆ ಕಳೆದ ಮೇಲೆ 35 ಆಗುತ್ತದೆ, ಆಮೇಲೆ ಇಳಿಯುತ್ತದೆ. ತಿಂದ ಗ್ಲಿಸರಾಲನ್ನು ಯೀಸ್ಟ್ ವಾಪಸ್ ಕಕ್ಕುವುದಿಲ್ಲ. ಕೇಳಿದರೆ ಎಲ್ಲರೂ ಸ್ಪೆಕ್ಟ್ರೋಫೋಟೋಮೀಟರಿನ (ದ್ರಾವಣದ ಬಣ್ಣ ಎಷ್ಟು ಗಾಢ ಎಂದು ಅಳೆಯುವ ಯಂತ್ರ) ಕಡೆ ಕೈ ತೋರಿಸುತ್ತಾರೆ. ಬಹುಪಾಲು ಸಲ ಯಂತ್ರದ್ದೇನೂ ತಪ್ಪಿರುವುದಿಲ್ಲ. ಸ್ಯಾಂಪಲ್ ಕ್ಯುವೆಟ್‌ಗೆ (ಯಂತ್ರದೊಳಗಿಡುವ ಪುಟ್ಟ ಪಾತ್ರೆಗೆ) ಬೀಳುವ ಮೊದಲೇ ಕೆಟ್ಟಿರುತ್ತದೆ. ಅದಕ್ಕೇ ಇಲ್ಲಿ ಬಣ್ಣ ಬರಿಸುವುದಕ್ಕಿಂತ ಅದಕ್ಕೆ ಮುಂಚಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಪಿಕಿಯಾ ಪಾಸ್ಟೋರಿಸ್ ಯೀಸ್ಟನ್ನು ಇಟ್ಟುಕೊಳ್ಳೋಣ. ಇದರಲ್ಲಿ ಗ್ಲಿಸರಾಲ್ ಪೂರ್ತಿ ಮುಗಿದ ಮೇಲೆಯೇ ಮೆಥನಾಲ್ ಕೊಡಬೇಕು, ಏಕೆಂದರೆ ಗ್ಲಿಸರಾಲ್ ಉಳಿದಿದ್ದರೆ ಮೆಥನಾಲಿನಿಂದ ಚಾಲೂ ಆಗಬೇಕಾದ ಜೀನ್ ಅದುಮಿಟ್ಟಂತೆ ಸುಮ್ಮನಿರುತ್ತದೆ. ಅಂದರೆ ಇಲ್ಲಿ ತಪ್ಪು ಅಂಕಿ ಬರೀ ಗ್ರಾಫ್ ಕೆಡಿಸುವುದಿಲ್ಲ, ಇಡೀ ಬ್ಯಾಚನ್ನೇ ಕೆಡಿಸುತ್ತದೆ.

ಹಂತ 1: ನಿಮ್ಮ ಬ್ರಾತ್‌ಗೆ (ಯೀಸ್ಟ್ ಬೆಳೆಯುವ ದ್ರವಕ್ಕೆ) ಯಾವ ವಿಧಾನ ಹೊಂದುತ್ತದೆ ನೋಡಿ

ದಾರಿ ಮೂರಿವೆ.

ಮೊದಲನೆಯದು ಪರ್‌ಅಯೋಡೇಟ್ ವಿಧಾನ. ಸೋಡಿಯಂ ಪರ್‌ಅಯೋಡೇಟ್ ಒಂದು ಗ್ಲಿಸರಾಲ್ ಅಣುವನ್ನು ಒಡೆದು ಎರಡು ಫಾರ್ಮಾಲ್ಡಿಹೈಡ್, ಒಂದು ಫಾರ್ಮಿಕ್ ಆಮ್ಲ ಕೊಡುತ್ತದೆ. ಆ ಫಾರ್ಮಾಲ್ಡಿಹೈಡ್, ಅಸಿಟೈಲ್ ಅಸಿಟೋನ್ ಮತ್ತು ಅಮೋನಿಯಂ ಲವಣದ ಜೊತೆ ಸೇರಿ ಹಳದಿ ಬಣ್ಣವಾಗುತ್ತದೆ. 410 ನ್ಯಾನೋಮೀಟರಿನಲ್ಲಿ ಓದಬೇಕು. ಖರ್ಚು ಕಡಿಮೆ, ಸಾಮಾನು ಯಾವ ಕಾಲೇಜು ಲ್ಯಾಬಿನಲ್ಲೂ ಇರುತ್ತದೆ.

ಆದರೆ ಈ ವಿಧಾನಕ್ಕೆ ಗ್ಲಿಸರಾಲ್ ಯಾವುದು, ಗ್ಲೂಕೋಸ್ ಯಾವುದು ಎಂಬ ಭೇದ ಗೊತ್ತಿಲ್ಲ. ಗ್ಲೂಕೋಸ್, ಸಾರ್ಬಿಟಾಲ್, ಪೆಪ್ಟೋನಿನಲ್ಲಿರುವ ಸೆರೀನ್, ಎಲ್ಲವೂ ಫಾರ್ಮಾಲ್ಡಿಹೈಡ್ ಕೊಡುತ್ತವೆ. ಲವಣ ಮತ್ತು ಗ್ಲಿಸರಾಲ್ ಮಾತ್ರ ಇರುವ ಪಿಕಿಯಾ ಮಾಧ್ಯಮಕ್ಕೆ ಇದು ಸರಿಹೋಗುತ್ತದೆ. ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿರಸ ಹುದುಗಿಸಿ ವೈನಿನಲ್ಲಿ ಗ್ಲಿಸರಾಲ್ ಎಷ್ಟಾಯಿತು ನೋಡಬೇಕು ಎಂದರೆ ಇದು ಬೇಡವೇ ಬೇಡ. ವೈನಿನಲ್ಲಿ ಗ್ಲಿಸರಾಲ್ ಸಾಮಾನ್ಯವಾಗಿ ಲೀಟರಿಗೆ 4ರಿಂದ 10 ಗ್ರಾಂ. ಅದರ ಸುತ್ತ ಇನ್ನೂ ಹುದುಗದ ಸಕ್ಕರೆ ಅದರ ಹತ್ತಾರು ಪಟ್ಟು ಇರಬಹುದು. ಆಗ ನೀವು ಅಳೆಯುವುದು ಸಕ್ಕರೆಯನ್ನೇ.

ಎರಡನೆಯದು ಎನ್‌ಜೈಮ್ ಕಿಟ್. ಸಕ್ಕರೆ ಇರುವ ಕಡೆ ಇದನ್ನು ಹಿಡಿಯಿರಿ, ವಿವರ ಕೊನೆಯಲ್ಲಿದೆ. ಮೂರನೆಯದು ಎಚ್‌ಪಿಎಲ್‌ಸಿ. ಇದು ದ್ರವದಲ್ಲಿರುವ ವಸ್ತುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಅಳೆಯುವ ಯಂತ್ರ. ಸಲ್ಫ್ಯೂರಿಕ್ ಆಮ್ಲದಲ್ಲಿ ಓಡುವ ಆರ್ಗ್ಯಾನಿಕ್ ಆಸಿಡ್ ಕಾಲಂ, ಆರ್‌ಐ ಡಿಟೆಕ್ಟರ್ (ಬೆಳಕು ಎಷ್ಟು ಬಾಗುತ್ತದೆ ಎಂದು ನೋಡಿ ಅಳೆಯುವ ಭಾಗ) ಇದ್ದರೆ ಗ್ಲೂಕೋಸ್, ಗ್ಲಿಸರಾಲ್, ಮೆಥನಾಲ್ ಬೇರೆ ಬೇರೆ ಶಿಖರಗಳಾಗಿ ಬರುತ್ತವೆ. ನಿಮ್ಮ ವಿಭಾಗದಲ್ಲಿದ್ದರೆ ಅದನ್ನೇ ಬಳಸಿ. ಬ್ಯಾಚಿನ ನಡುವೆ ಸ್ಯಾಂಪಲನ್ನು ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿ ಉತ್ತರಕ್ಕೆ ಕಾಯುವ ಯೋಚನೆ ಇದ್ದರೆ ಬಿಡಿ. ಉತ್ತರ ಬರುವ ಹೊತ್ತಿಗೆ ಗ್ಲಿಸರಾಲ್ ಮುಗಿದಿರುತ್ತದೆ.

ಹಂತ 2: ದ್ರಾವಣಗಳನ್ನು ಹಿಂದಿನ ದಿನವೇ ಅರ್ಧ ಸಿದ್ಧ ಮಾಡಿ

ಎರಡು ಮೂಲ ದ್ರಾವಣ ಬೇಕು. 100 ಮಿಲೀಗೆ 9.2 ಮಿಲೀ ಗ್ಲೇಶಿಯಲ್ ಅಸಿಟಿಕ್ ಆಮ್ಲ ಹಾಕಿದರೆ 1.6 ಮೋಲಾರ್ ಆಮ್ಲ. 100 ಮಿಲೀಗೆ 30.8 ಗ್ರಾಂ ಅಮೋನಿಯಂ ಅಸಿಟೇಟ್ ಹಾಕಿದರೆ 4 ಮೋಲಾರ್ ಲವಣ. ಇವೆರಡನ್ನೂ ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದು.

ಅಳೆಯುವ ದಿನ ಬೆಳಿಗ್ಗೆ ಮಾಡಬೇಕಾದವು ಇವು:

ಪರ್‌ಅಯೋಡೇಟ್ ದ್ರಾವಣ: 107 ಮಿಲಿಗ್ರಾಂ ಸೋಡಿಯಂ ಮೆಟಾಪರ್‌ಅಯೋಡೇಟನ್ನು 25 ಮಿಲೀ ಆಮ್ಲದಲ್ಲಿ ಪೂರ್ತಿ ಕರಗಿಸಿ, ಆಮೇಲೆ 25 ಮಿಲೀ ಅಮೋನಿಯಂ ಅಸಿಟೇಟ್ ಸೇರಿಸಿ. ಇದು 10 ಮಿಲಿಮೋಲಾರ್. ಸೀಸೆಗೆ ಫಾಯಿಲ್ ಸುತ್ತಿ, ಬೆಳಕಿಗೆ ಇಡಬೇಡಿ.

ಅಸಿಟೈಲ್ ಅಸಿಟೋನ್ ದ್ರಾವಣ: 1 ಗ್ರಾಂ (ಸುಮಾರು 1.03 ಮಿಲೀ) ಅದೇ ರೀತಿ 25 ಮಿಲೀ ಆಮ್ಲ, 25 ಮಿಲೀ ಲವಣದಲ್ಲಿ. ಇದು 0.2 ಮೋಲಾರ್. ಬೇಗ ಬೆಂಕಿ ಹತ್ತುವ ವಸ್ತು, ಆವಿಯೂ ಒಳ್ಳೆಯದಲ್ಲ. ಫ್ಯೂಮ್ ಹುಡ್‌ನಲ್ಲೇ ಅಳೆಯಿರಿ. ಪರ್‌ಅಯೋಡೇಟ್ ಪುಡಿ ಪ್ರಬಲ ಆಕ್ಸಿಡೀಕಾರಕ. ಅದನ್ನು ಈ ಸೀಸೆಯ ಪಕ್ಕ ಕಪಾಟಿನಲ್ಲಿ ಇಡಬಾರದು.

ನೀರು ಡಿಸ್ಟಿಲ್ಡ್ ಆಗಿರಲಿ. ಬ್ಯಾಟರಿ ಅಂಗಡಿಯ ಕ್ಯಾನಿನ ನೀರಿಗೆ ಹೆಸರು ಡಿಸ್ಟಿಲ್ಡ್ ಎಂದಿದ್ದರೂ ಮೊದಲು ಅದರ ಬ್ಲ್ಯಾಂಕ್ (ಗ್ಲಿಸರಾಲ್ ಹಾಕದೆಯೇ ಬರುವ ಅಂಕಿ) ಓದಿ ನೋಡಿ. ಕೋಲಾರದ ಬೋರ್‌ವೆಲ್ ನೀರಿನಲ್ಲಿ ಮಾಧ್ಯಮ ಮಾಡುವವರಿಗೆ ಇನ್ನೊಂದು ಮಾತು: ಪಿಎಚ್ ಏರಿಸಲು ಅಮೋನಿಯಾ ಹಾಕಿದ ಕೂಡಲೇ ಫಾಸ್ಫೇಟ್ ಬಿಳಿ ಗಸಿಯಾಗಿ ಕೂರುತ್ತದೆ. ಗಡಸು ನೀರಿನಲ್ಲಿ ಇದು ಇನ್ನೂ ಜಾಸ್ತಿ. ಆ ಗಸಿ ಓಡಿಯನ್ನೂ (ಕೋಶಗಳಿಂದ ದ್ರವ ಎಷ್ಟು ಮಬ್ಬಾಗಿದೆ ಎಂಬ ಅಂಕಿ) ಹಸಿ ತೂಕವನ್ನೂ (ಬೇರ್ಪಡಿಸಿದ ಒದ್ದೆ ಕೋಶಗಳ ತೂಕ) ಕೆಡಿಸುತ್ತದೆ, ಹಸಿ ತೂಕ ಕೆಟ್ಟರೆ ಹಂತ 7ರ ಲೆಕ್ಕವೂ ಕೆಡುತ್ತದೆ.

ಹಂತ 3: ಸ್ಟ್ಯಾಂಡರ್ಡ್ (ಗ್ಲಿಸರಾಲ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣ) ತೂಗಿ ಮಾಡಿ, ಪಿಪೆಟ್‌ನಲ್ಲಿ ಎಳೆಯಬೇಡಿ

ಶುದ್ಧ ಗ್ಲಿಸರಾಲನ್ನು ಮೈಕ್ರೋಪಿಪೆಟ್‌ನಲ್ಲಿ ಎಳೆದು ನೋಡಿ: ತುದಿಯೊಳಗೆ ಗುಳ್ಳೆ ನಿಲ್ಲುತ್ತದೆ, ಹೊರಗೆ ಒಂದು ದಪ್ಪ ಹನಿ ನೇತಾಡುತ್ತದೆ, ಬಿಟ್ಟ ಮೇಲೂ ಒಳಗೋಡೆಗೆ ಲೇಪ ಉಳಿಯುತ್ತದೆ. ಹೀಗೆ ಮಾಡಿದ ಸ್ಟ್ಯಾಂಡರ್ಡ್ ಯಾವತ್ತೂ ಒಂದೇ ಥರ ಬರುವುದಿಲ್ಲ.

ತಕ್ಕಡಿಯ ಮೇಲೆ ಸಣ್ಣ ಬೀಕರ್ ಇಟ್ಟು 1.000 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, ಬೀಕರನ್ನು ಮೂರು ಸಲ ತೊಳೆದು ಆ ನೀರನ್ನೂ ಸೇರಿಸಿ 1 ಲೀಟರ್ ವಾಲ್ಯೂಮೆಟ್ರಿಕ್ ಫ್ಲಾಸ್ಕಿನ ಗೆರೆಗೆ ತನ್ನಿ. ಇದರ 10 ಮಿಲೀಯನ್ನು 100ಕ್ಕೆ ಏರಿಸಿದರೆ ಲೀಟರಿಗೆ 100 ಮಿಲಿಗ್ರಾಂ. ಅದರಿಂದ 0, 2, 4, 6, 8, 10 ಮಿಲಿಗ್ರಾಂ/ಲೀಟರ್ ಸಾಲು ಮಾಡಿಕೊಳ್ಳಿ.

ಬಾಟಲಿಯ ಮೇಲಿನ ಶುದ್ಧತೆ ಓದಿ. 87 ಶೇಕಡಾದ ಗ್ಲಿಸರಾಲೂ ಮಾರುಕಟ್ಟೆಯಲ್ಲಿದೆ. ಮುಚ್ಚಳ ಸಡಿಲವಾಗಿ ವರ್ಷಗಟ್ಟಲೆ ಕೂತ ಬಾಟಲಿ ಗಾಳಿಯ ತೇವ ಹೀರಿಕೊಂಡಿರುತ್ತದೆ, ಅದನ್ನು ಸ್ಟ್ಯಾಂಡರ್ಡಿಗೆ ಬಳಸಬೇಡಿ.

ಹಂತ 4: ಆರಂಭದ ಅಂಕಿಯನ್ನು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

40 ಗ್ರಾಂ ಹಾಕಿದಿರೋ, 40 ಮಿಲೀ ಹಾಕಿದಿರೋ? ಗ್ಲಿಸರಾಲಿನ ಸಾಂದ್ರತೆ 1.26. ಸಿಲಿಂಡರಿನಲ್ಲಿ 40 ಮಿಲೀ ಅಳೆದು ಹಾಕಿದ್ದರೆ ಅದು 50 ಗ್ರಾಂ.

ಇನಾಕ್ಯುಲಂ (ಮೊದಲೇ ಬೆಳೆಸಿಟ್ಟ ಯೀಸ್ಟಿನ ದ್ರವ) ಎಷ್ಟು ಹಾಕಿದಿರಿ? 1 ಲೀಟರಿಗೆ 100 ಮಿಲೀ ಸೇರಿಸಿದ ಕೂಡಲೇ 40 ಹೋಗಿ 36.4 ಆಯಿತು. ಇನಾಕ್ಯುಲಂ ಬೆಳೆದ ಮಾಧ್ಯಮದಲ್ಲೂ ಗ್ಲಿಸರಾಲ್ ಮಿಕ್ಕಿದ್ದರೆ ಅದು ಮೇಲೆ ಸೇರುತ್ತದೆ. ಫ್ರೀಜರ್ ಸ್ಟಾಕನ್ನು ನೇರ ಫ್ಲಾಸ್ಕಿಗೆ ಸುರಿಯುವವರು ಇನ್ನೊಂದು ಲೆಕ್ಕ ನೋಡಿ: 25 ಶೇಕಡಾ ಗ್ಲಿಸರಾಲ್ ಇರುವ 1 ಮಿಲೀ ಸ್ಟಾಕಿನಲ್ಲಿ ಸುಮಾರು 0.3 ಗ್ರಾಂ ಗ್ಲಿಸರಾಲ್ ಇರುತ್ತದೆ. 100 ಮಿಲೀ ಫ್ಲಾಸ್ಕಿಗೆ ಅದು ಹೋದರೆ ಲೀಟರಿಗೆ 3 ಗ್ರಾಂ. "ಗ್ಲಿಸರಾಲ್ ಇಲ್ಲದ ಕಂಟ್ರೋಲ್" ಎಂದು ಇಟ್ಟ ಫ್ಲಾಸ್ಕಿನಲ್ಲಿ ಯೀಸ್ಟ್ ಚೆನ್ನಾಗಿ ಬೆಳೆಯುವುದು ಹೀಗೆ.

ಇನ್ನು, ಗ್ಲಿಸರಾಲ್ ನೀರಿಗಿಂತ ಭಾರ. ಸ್ಟರರ್ ನಿಲ್ಲಿಸಿದಾಗ ಸುರಿದರೆ ತಳಕ್ಕೆ ಇಳಿದು ಅಲ್ಲೇ ಕೂತಿರುತ್ತದೆ. ಚೆನ್ನಾಗಿ ಕಲಕಿದ ಮೇಲೆಯೇ ಸೊನ್ನೆ ಗಂಟೆಯ ಸ್ಯಾಂಪಲ್ ತೆಗೆಯಿರಿ.

ಹಂತ 5: ಸ್ಯಾಂಪಲ್ ತೆಗೆಯುವುದು

ಹೆಚ್ಚಿನ ಅಂಕಿಗಳು ಹಾಳಾಗುವುದು ಇಲ್ಲಿ.

ಮೊದಲಿಗೆ ಪೈಪಿನಲ್ಲಿ ನಿಂತದ್ದನ್ನು ಚೆಲ್ಲಿ. ಫರ್ಮೆಂಟರಿನಿಂದ ವಾಲ್ವ್‌ವರೆಗಿನ ಪೈಪಿನಲ್ಲಿ ಹಿಂದಿನ ಸ್ಯಾಂಪಲಿನ ಉಳಿಕೆ ಇರುತ್ತದೆ. ವಾಲ್ವ್‌ಗೆ ಸ್ಟೀಮ್ ಕೊಟ್ಟಿದ್ದರೆ ಆವಿ ತಣಿದು ನೀರಾಗಿ ಅಲ್ಲೇ ನಿಂತಿರುತ್ತದೆ. 40 ಇರಬೇಕಾದ ಕಡೆ 31 ಬರುವುದಕ್ಕೆ ಈ ನೀರೊಂದೇ ಸಾಕು. ಪೈಪು ಹಿಡಿಯುವಷ್ಟರ ಎರಡು ಪಟ್ಟಾದರೂ ಹೊರಗೆ ಬಿಟ್ಟು ಆಮೇಲೆ ಟ್ಯೂಬ್ ಹಿಡಿಯಿರಿ. ಸಣ್ಣ ಫರ್ಮೆಂಟರ್, ಅಷ್ಟೊಂದು ಚೆಲ್ಲಲು ಮನಸ್ಸು ಬರುವುದಿಲ್ಲ ಎಂದರೆ ಸ್ಯಾಂಪಲ್‌ಗಳ ಸಂಖ್ಯೆ ಕಡಿಮೆ ಮಾಡಿ, ಚೆಲ್ಲುವುದನ್ನು ಉಳಿಸಬೇಡಿ.

ಟ್ಯೂಬ್ ಐಸಿನಲ್ಲಿರಲಿ. ಸ್ಯಾಂಪಲ್ ಹೊರಬಂದ ಮಾತ್ರಕ್ಕೆ ಯೀಸ್ಟ್ ಊಟ ನಿಲ್ಲಿಸುವುದಿಲ್ಲ. ಪಿಕಿಯಾ ಒಂದು ಗ್ರಾಂ ಒಣ ತೂಕಕ್ಕೆ ಗಂಟೆಗೆ ಸುಮಾರು 0.3 ಗ್ರಾಂ ಗ್ಲಿಸರಾಲ್ ತಿನ್ನುತ್ತದೆ ಎಂದಿಟ್ಟುಕೊಂಡರೆ, ಲೀಟರಿಗೆ 20 ಗ್ರಾಂ ಒಣ ತೂಕ ಬೆಳೆದ ಫರ್ಮೆಂಟರಿನಲ್ಲಿ ನಿಮಿಷಕ್ಕೆ 0.1 ಗ್ರಾಂ/ಲೀಟರ್ ಹೋಗುತ್ತದೆ. ಟ್ಯೂಬಿನಲ್ಲಿ ಆಮ್ಲಜನಕ ಮುಗಿದ ಮೇಲೆ ವೇಗ ಇಳಿಯುತ್ತದೆ, ನಿಜ. ಹಾಗೆಂದು ಟೀ ಕುಡಿದು ಬಂದು ಸೆಂಟ್ರಿಫ್ಯೂಜ್‌ಗೆ ಹಾಕಿದರೆ ಆಗುವುದಿಲ್ಲ. ಬ್ಯಾಚಿನ ಕೊನೆಗೆ ಲೀಟರಿಗೆ ಅರ್ಧ ಗ್ರಾಂ ಇದೆಯೋ ಇಲ್ಲವೋ ಎಂದು ನೋಡುವಾಗ ಈ ನಿಮಿಷಗಳೇ ಉತ್ತರ ಬದಲಿಸುತ್ತವೆ.

ಕೂಡಲೇ 1.5 ಮಿಲೀ ಟ್ಯೂಬಿನಲ್ಲಿ 10,000 ಜಿ ವೇಗದಲ್ಲಿ 3ರಿಂದ 5 ನಿಮಿಷ ತಿರುಗಿಸಿ. ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದುಕೊಳ್ಳಿ. ತಳದ ಗಟ್ಟಿಯನ್ನು ಮುಟ್ಟಿದರೆ ಮತ್ತೊಮ್ಮೆ ತಿರುಗಿಸಿ. ಕರೆಂಟ್ ಹೋಗುವ ಸಮಯ ಗೊತ್ತಿದ್ದರೆ ಸ್ಯಾಂಪಲಿನ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ. ಸೆಂಟ್ರಿಫ್ಯೂಜ್ ಯುಪಿಎಸ್ ಮೇಲೆ ಇಲ್ಲದಿದ್ದರೆ ಒಂದು ಸಿರಿಂಜ್ ಫಿಲ್ಟರ್ ಪಕ್ಕದಲ್ಲಿರಲಿ.

ಫಿಲ್ಟರಿನ ವಿಚಾರದಲ್ಲಿ ಒಂದು ಮೋಸವಿದೆ. ಅಲ್ಟ್ರಾಫಿಲ್ಟ್ರೇಷನ್ ಪೊರೆಗಳು ಒಣಗಿ ಬಿರಿಯದಿರಲಿ ಎಂದು ತಯಾರಕರು ಅವಕ್ಕೆ ಗ್ಲಿಸರಿನ್ (ಗ್ಲಿಸರಾಲಿನದೇ ಇನ್ನೊಂದು ಹೆಸರು) ಹಾಕಿರುತ್ತಾರೆ. ತೊಳೆಯದೆ ಬಳಸಿದರೆ ನೀವು ಅಳೆಯುವುದು ಫಿಲ್ಟರಿನ ಗ್ಲಿಸರಿನ್. ಯಾವ ಫಿಲ್ಟರೇ ಆಗಲಿ, ಮೊದಲು ಬರೀ ನೀರು ಹಾಯಿಸಿ ಆ ನೀರನ್ನೇ ಸ್ಯಾಂಪಲಿನಂತೆ ಓದಿ. ಬಣ್ಣ ಬಂದರೆ ಚೆನ್ನಾಗಿ ತೊಳೆದು ಬಳಸಿ. ಕೈಗೆ ಹಚ್ಚುವ ಲೋಷನ್ನು, ಹಲವು ಸೋಪುಗಳಲ್ಲೂ ಗ್ಲಿಸರಿನ್ ಇರುತ್ತದೆ. ಗ್ಲೌಸ್ ಹಾಕಿಕೊಂಡೇ ಟ್ಯೂಬ್ ಮುಟ್ಟಿ.

ಅದೇ ದಿನ ಓದುವುದಿಲ್ಲವೆಂದರೆ ತಿಳಿಯನ್ನು ಮಾತ್ರ ಮೈನಸ್ 20ರಲ್ಲಿಡಿ, ಕೋಶ ಸಮೇತ ಇಡಬೇಡಿ. ಕರಗಿಸಿದ ಮೇಲೆ ಟ್ಯೂಬನ್ನು ಹತ್ತು ಸಲ ತಲೆಕೆಳಗು ಮಾಡಿ. ಹೆಪ್ಪುಗಟ್ಟಿದ ಸ್ಯಾಂಪಲ್ ಕರಗುವಾಗ ಮೇಲೆ ನೀರು ಜಾಸ್ತಿ, ಕೆಳಗೆ ಗ್ಲಿಸರಾಲ್ ಜಾಸ್ತಿ ಆಗಿ ನಿಲ್ಲುತ್ತದೆ.

ಹಂತ 6: ಡೈಲ್ಯೂಷನ್ ಮಾಡಿ ಬಣ್ಣ ಬರಿಸುವುದು

ಓದುವ ವ್ಯಾಪ್ತಿ ಲೀಟರಿಗೆ 1ರಿಂದ 10 ಮಿಲಿಗ್ರಾಂ. ನಿಮ್ಮ ಬ್ರಾತಿನಲ್ಲಿರುವುದು 40 ಗ್ರಾಂ. ಅಂದರೆ 4,000 ಪಟ್ಟು ತೆಳು ಮಾಡಬೇಕು. ಒಂದೇ ಏಟಿಗೆ 2.5 ಮೈಕ್ರೋಲೀಟರ್ ತೆಗೆದು 10 ಮಿಲೀಗೆ ಹಾಕುವ ಸಾಹಸ ಬೇಡ.

ಎಲ್ಲ ಸ್ಯಾಂಪಲಿಗೂ ಮೊದಲು 100 ಪಟ್ಟು ಮಾಡಿ: 100 ಮೈಕ್ರೋಲೀಟರ್ ತಿಳಿ, 10 ಮಿಲೀ ವಾಲ್ಯೂಮೆಟ್ರಿಕ್ ಫ್ಲಾಸ್ಕಿಗೆ. ಇದೇ ತಾಯಿ ಟ್ಯೂಬ್, ಚೆಲ್ಲಬೇಡಿ. 40ರ ಹತ್ತಿರ ಇರಬಹುದಾದ ಸ್ಯಾಂಪಲಿಗೆ ಇದರಿಂದ 250 ಮೈಕ್ರೋಲೀಟರನ್ನು ಮತ್ತೆ 10 ಮಿಲೀಗೆ ಏರಿಸಿ, 4,000 ಪಟ್ಟು ಆಯಿತು. 5ರ ಹತ್ತಿರ ಇದ್ದರೆ 1 ಮಿಲೀಯನ್ನು 10ಕ್ಕೆ, ಅದು 1,000 ಪಟ್ಟು. ಒಂದು ಗ್ರಾಂಗಿಂತ ಕಡಿಮೆ ಇರಬಹುದು ಅನಿಸಿದರೆ ತಾಯಿ ಟ್ಯೂಬನ್ನೇ ಓದಿ. ಅಂದಾಜು ತಪ್ಪಿದರೆ ತಾಯಿ ಟ್ಯೂಬಿನಿಂದ ಮತ್ತೆ ಶುರು ಮಾಡಿದರಾಯಿತು.

ಈಗ ಕೆಲಸ ಹೀಗೆ:

1. ಟೆಸ್ಟ್ ಟ್ಯೂಬಿಗೆ 2 ಮಿಲೀ ತೆಳುಮಾಡಿದ ಸ್ಯಾಂಪಲ್ ಹಾಕಿ.
2. 1.2 ಮಿಲೀ ಪರ್‌ಅಯೋಡೇಟ್ ಸೇರಿಸಿ, 30 ಸೆಕೆಂಡು ಕಲಕಿ.
3. 1.2 ಮಿಲೀ ಅಸಿಟೈಲ್ ಅಸಿಟೋನ್ ದ್ರಾವಣ ಸೇರಿಸಿ, ಕೂಡಲೇ 70 ಡಿಗ್ರಿ ವಾಟರ್ ಬಾತ್‌ನಲ್ಲಿ ಇಡಿ.
4. ನಿಗದಿ ಮಾಡಿಕೊಂಡ ಸಮಯಕ್ಕೆ ತೆಗೆದು ತಣ್ಣೀರಿನಲ್ಲಿ ಮುಳುಗಿಸಿ.
5. 410 ನ್ಯಾನೋಮೀಟರಿನಲ್ಲಿ ಓದಿ.

ನಿಗದಿ ಮಾಡಿಕೊಂಡ ಸಮಯ ಎಂದರೆ? ತೆಳು ಗಾಜಿನ ಟ್ಯೂಬಾದರೆ 1 ನಿಮಿಷ ಸಾಕು. ನಮ್ಮ ಕಡೆಯ ಲ್ಯಾಬುಗಳ ದಪ್ಪ ಗಾಜಿನ ಟ್ಯೂಬಿನ ಒಳಗೆ ಒಂದು ನಿಮಿಷದಲ್ಲಿ 70 ಡಿಗ್ರಿ ತಲುಪಿರುವುದೇ ಇಲ್ಲ. 10 ಮಿಲಿಗ್ರಾಂ ಸ್ಟ್ಯಾಂಡರ್ಡನ್ನು 1, 2, 3, 5 ನಿಮಿಷ ಇಟ್ಟು ನೋಡಿ. ಅಂಕಿ ಏರುವುದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಸಮಯ. ಆಮೇಲೆ ಎಲ್ಲ ಟ್ಯೂಬಿಗೂ ಅದೇ. ಒಂದೊಂದು ಟ್ಯೂಬನ್ನೂ 30 ಸೆಕೆಂಡಿನ ಅಂತರದಲ್ಲಿ ಇಳಿಸಿ, ಅದೇ ಅಂತರದಲ್ಲಿ ಎತ್ತಿ. ಮಧ್ಯೆ ಕರೆಂಟ್ ಹೋಗಿ ಬಾತ್ ತಣ್ಣಗಾದರೆ ಆ ಸುತ್ತನ್ನು ಪೂರ್ತಿ ಬಿಟ್ಟು, ಸ್ಟ್ಯಾಂಡರ್ಡ್ ಸಮೇತ ಹೊಸದಾಗಿ ಮಾಡಿ.

ಬ್ಲ್ಯಾಂಕ್ ಒಂದು ಸಾಲದು, ಮೂರು ಬೇಕು. ಬರೀ ನೀರಿನದು ಒಂದು. ಗ್ಲಿಸರಾಲ್ ಮಾತ್ರ ಬಿಟ್ಟು ಉಳಿದೆಲ್ಲ ಇರುವ ಮಾಧ್ಯಮವನ್ನು ಸ್ಯಾಂಪಲಿನಷ್ಟೇ ತೆಳು ಮಾಡಿದ್ದು ಇನ್ನೊಂದು. ಮೂರನೆಯದು ಪರ್‌ಅಯೋಡೇಟ್ ಹಾಕದೆ, ಅದರ ಬದಲು ಆಮ್ಲ ಮತ್ತು ಲವಣದ ಮಿಶ್ರಣ ಹಾಕಿದ ಸ್ಯಾಂಪಲ್. ಮೆಥನಾಲ್ ಶುರುವಾದ ಮೇಲೆ ಇದು ಕಡ್ಡಾಯ. ಮೆಥನಾಲ್ ತಾನಾಗಿ ಬಣ್ಣ ಕೊಡುವುದಿಲ್ಲ, ಆದರೆ ಯೀಸ್ಟ್ ಅದನ್ನು ಫಾರ್ಮಾಲ್ಡಿಹೈಡ್ ದಾರಿಯಲ್ಲೇ ಜೀರ್ಣಿಸುತ್ತದೆ. ಅದರಲ್ಲಿ ಸ್ವಲ್ಪ ಹೊರಗೆ ಬಂದಿದ್ದರೂ ಗ್ಲಿಸರಾಲಿನ ವೇಷದಲ್ಲಿ ಹಳದಿ ತೋರಿಸುತ್ತದೆ.

ಹಂತ 7: ಲೆಕ್ಕ

ಸ್ಟ್ಯಾಂಡರ್ಡಿನ ಗೆರೆ ಎಳೆಯಿರಿ. 1 ಸೆಂಮೀ ಕ್ಯುವೆಟ್‌ನಲ್ಲಿ 10 ಮಿಲಿಗ್ರಾಂಗೆ ಅಬ್ಸಾರ್ಬೆನ್ಸ್ (ಯಂತ್ರ ತೋರಿಸುವ ಬಣ್ಣದ ಅಂಕಿ) 0.8ರ ಆಸುಪಾಸು ಬರಬೇಕು. ಅದರ ಅರ್ಧವೂ ಬರಲಿಲ್ಲವೆಂದರೆ ಪರ್‌ಅಯೋಡೇಟ್ ಹಳೆಯದು, ಇಲ್ಲವೇ ಬಿಸಿ ಸಾಲಲಿಲ್ಲ.

ಉದಾಹರಣೆಗೆ, ಸ್ಯಾಂಪಲ್ 0.62, ಮಾಧ್ಯಮದ ಬ್ಲ್ಯಾಂಕ್ 0.05, ಗೆರೆಯ ಇಳಿಜಾರು 0.078. 0.57ನ್ನು 0.078ರಿಂದ ಭಾಗಿಸಿದರೆ 7.3 ಮಿಲಿಗ್ರಾಂ. 1,000 ಪಟ್ಟು ತೆಳು ಮಾಡಿದ್ದರೆ ತಿಳಿಯಲ್ಲಿ ಲೀಟರಿಗೆ 7.3 ಗ್ರಾಂ.

ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಇದು ತಿಳಿಯ ಅಂಕಿ, ಫರ್ಮೆಂಟರಿನದಲ್ಲ. ಹಸಿ ತೂಕ ಲೀಟರಿಗೆ 200 ಗ್ರಾಂ ಇದ್ದರೆ ಆ ಲೀಟರಿನಲ್ಲಿ ಸುಮಾರು ಐದನೇ ಒಂದು ಭಾಗ ಕೋಶಗಳದ್ದೇ. ದ್ರವ ಇರುವುದು 0.8 ಲೀಟರ್. ಹಾಗಾಗಿ ಒಂದು ಲೀಟರ್ ಬ್ರಾತಿನಲ್ಲಿ ಇರುವ ಗ್ಲಿಸರಾಲ್ ಸುಮಾರು 5.8 ಗ್ರಾಂ. ಬ್ಯಾಚಿನ ಶುರುವಿನಲ್ಲಿ ಈ ವ್ಯತ್ಯಾಸ ನಗಣ್ಯ; ಕೋಶ ದಟ್ಟವಾದ ಮೇಲೆ ಇದನ್ನು ಬಿಟ್ಟರೆ ಎಷ್ಟು ತಿಂದಿತು, ಎಷ್ಟು ಬೆಳೆಯಿತು ಎಂಬ ಯಾವ ಲೆಕ್ಕವೂ ಕೂಡುವುದಿಲ್ಲ.

ಹಂತ 8: ಬಂದ ಅಂಕಿಯನ್ನು ಪರೀಕ್ಷೆಗೆ ಹಚ್ಚಿ

ಒಂದು ಸ್ಯಾಂಪಲಿಗೆ ಗೊತ್ತಿರುವಷ್ಟು ಗ್ಲಿಸರಾಲ್ ಬೆರೆಸಿ ಮತ್ತೆ ಓದಿ. ಬೆರೆಸಿದ್ದರ 90ರಿಂದ 110 ಶೇಕಡಾ ಸಿಗಬೇಕು. ಸಿಗದಿದ್ದರೆ ಬ್ರಾತಿನಲ್ಲಿ ಏನೋ ಅಡ್ಡ ಬರುತ್ತಿದೆ.

ಫರ್ಮೆಂಟರನ್ನೂ ಕೇಳಿ. ಗ್ಲಿಸರಾಲ್ ಮುಗಿದ ಕೂಡಲೇ ಯೀಸ್ಟಿನ ಉಸಿರಾಟ ಇಳಿದು ಡಿಓ (ದ್ರವದಲ್ಲಿ ಕರಗಿರುವ ಆಮ್ಲಜನಕ) ಒಮ್ಮೆಲೇ ಮೇಲೇರುತ್ತದೆ, ಪಿಎಚ್ ಕಾಯುವ ಅಮೋನಿಯಾ ಪಂಪಿನ ಸದ್ದು ನಿಲ್ಲುತ್ತದೆ. ಡಿಓ ಏರಿದ ಮೇಲೂ ನಿಮ್ಮ ಅಂಕಿ 3 ಗ್ರಾಂ ಎನ್ನುತ್ತಿದ್ದರೆ ನಂಬಬೇಕಾದದ್ದು ಡಿಓವನ್ನು. ಇದಕ್ಕೆ ತದ್ವಿರುದ್ಧವಾಗಿ, ಅಂಕಿ ಸೊನ್ನೆ ಇದ್ದು ಡಿಓ ತಳದಲ್ಲೇ ಇದ್ದರೆ ಡೈಲ್ಯೂಷನ್ ಮತ್ತೊಮ್ಮೆ ನೋಡಿ. ಪಿಕಿಯಾದ 40 ಗ್ರಾಂ ಗ್ಲಿಸರಾಲ್ ಬ್ಯಾಚ್ ಸಾಮಾನ್ಯವಾಗಿ 18ರಿಂದ 24 ಗಂಟೆಯಲ್ಲಿ ಮುಗಿಯುತ್ತದೆ, ಹಸಿ ತೂಕ ಲೀಟರಿಗೆ 90ರಿಂದ 150 ಗ್ರಾಂ ಬರುತ್ತದೆ. ಕೊನೆಯ 6 ಗ್ರಾಂ ಒಂದೇ ಗಂಟೆಯಲ್ಲಿ ಮಾಯವಾಗಬಹುದು. ಆ ಹೊತ್ತಿಗೆ ಎರಡು ಗಂಟೆಗೊಂದು ಸ್ಯಾಂಪಲ್ ಸಾಲದು, ಹದಿನೈದು ನಿಮಿಷಕ್ಕೊಂದು ಬೇಕು.

ಲಕ್ಷಣ ನೋಡಿ ಕಾರಣ ಹಿಡಿಯಿರಿ

ಬ್ಲ್ಯಾಂಕೇ ಹಳದಿ: ಫಿಲ್ಟರ್, ಗ್ಲೌಸ್ ಇಲ್ಲದ ಕೈ, ಅಥವಾ ಗಾಜಿನ ಸಾಮಾನು ತೊಳೆದ ಸೋಪು.

ಅಂಕಿ ಎಷ್ಟು ಹೊತ್ತಾದರೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುತ್ತಿಲ್ಲ: ಪೆಪ್ಟೋನ್ ಅಥವಾ ಸಕ್ಕರೆಯ ಹಿನ್ನೆಲೆ. ಮಾಧ್ಯಮದ ಬ್ಲ್ಯಾಂಕ್ ಹಾಕಿದ್ದೀರಾ?

ದಟ್ಟ ಸ್ಟ್ಯಾಂಡರ್ಡುಗಳಲ್ಲಿ ಗೆರೆ ಬಾಗುತ್ತದೆ: ವ್ಯಾಪ್ತಿ ಮೀರಿದ್ದೀರಿ. ಬಾಗಿದ ಕಡೆಯ ಅಂಕಿ ಬಳಸದೆ ಇನ್ನಷ್ಟು ತೆಳು ಮಾಡಿ.

ಒಂದೇ ಸ್ಯಾಂಪಲಿನ ಎರಡು ಟ್ಯೂಬುಗಳ ನಡುವೆ ತುಂಬ ಅಂತರ: ಕ್ಯುವೆಟ್‌ನ ಗೋಡೆಗೆ ಅಂಟಿದ ಗುಳ್ಳೆ ನೋಡಿ, ಆಮೇಲೆ ಪಿಪೆಟ್ ನೋಡಿ.

ಎನ್‌ಜೈಮ್ ಕಿಟ್ ಬಳಸುವವರಿಗೆ

ಗ್ಲಿಸರಾಲಿನದೇ ಕಿಟ್ ಸಿಗದಿದ್ದರೆ ರಕ್ತಪರೀಕ್ಷೆಯ ಲ್ಯಾಬಿನವರು ಬಳಸುವ ಟ್ರೈಗ್ಲಿಸರೈಡ್ ಕಿಟ್ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದು ಕೊಬ್ಬನ್ನು ಒಡೆದು ಕೊನೆಗೆ ಅಳೆಯುವುದು ಗ್ಲಿಸರಾಲನ್ನೇ. ಅದರ 200 ಮಿಗ್ರಾಂ/ಡೆಸಿಲೀಟರ್ ಸ್ಟ್ಯಾಂಡರ್ಡ್ ಎಂದರೆ ಲೀಟರಿಗೆ ಸುಮಾರು 208 ಮಿಲಿಗ್ರಾಂ ಗ್ಲಿಸರಾಲ್. ಆದರೂ ನೀವೇ ತೂಗಿ ಮಾಡಿದ ಸ್ಟ್ಯಾಂಡರ್ಡ್ ಹಾಕಿ. ಬ್ರಾತನ್ನು 100 ಪಟ್ಟು ತೆಳು ಮಾಡಿದರೆ ಬಹುತೇಕ ಕಿಟ್‌ಗಳ ವ್ಯಾಪ್ತಿಗೆ ಬರುತ್ತದೆ. ಕಿಟ್‌ನ ಚೀಟಿ ಓದಿ ಖಾತ್ರಿ ಮಾಡಿಕೊಳ್ಳಿ.

ಕೊಳ್ಳುವಾಗ ಒಂದು ಕೇಳಿ: ಇದು ಬಿಡಿ ಗ್ಲಿಸರಾಲನ್ನು ಮೊದಲೇ ತೆಗೆದುಹಾಕುವ ಬಗೆಯೇ? ಹಾಗಿದ್ದರೆ ನಿಮಗೆ ಬೇಕಾದದ್ದೇ ಹೋಗಿಬಿಡುತ್ತದೆ. ನೊರೆ ತಡೆಯಲು ಫರ್ಮೆಂಟರಿಗೆ ಅಡುಗೆ ಎಣ್ಣೆ ಹಾಕಿದವರೂ ಹುಷಾರು. ಕಿಟ್‌ನೊಳಗಿನ ಲೈಪೇಸ್ ಆ ಎಣ್ಣೆಯನ್ನೂ ಒಡೆದು ಗ್ಲಿಸರಾಲ್ ಲೆಕ್ಕಕ್ಕೆ ಸೇರಿಸುತ್ತದೆ.

ಕೆಲಸ ಮುಗಿದ ಮೇಲೆ ಹಳದಿ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಉಳಿದ ಪರ್‌ಅಯೋಡೇಟನ್ನು ಸೋಡಿಯಂ ಥಯೋಸಲ್ಫೇಟ್ ಹಾಕಿ ನಿಷ್ಕ್ರಿಯಗೊಳಿಸಿ, ಅಸಿಟೈಲ್ ಅಸಿಟೋನ್ ಇರುವ ತ್ಯಾಜ್ಯವನ್ನು ಮುಚ್ಚಳದ ಡಬ್ಬದಲ್ಲಿ ಹೆಸರು, ತಾರೀಖು ಬರೆದು ಲ್ಯಾಬಿನ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.